ಯುರೋಪಿನ ವಿಮಾ ಕಾನೂನು ಓದಬೇಕೇ? ಒಂದು ಎಳೆ ಹಿಡಿದು ಶುರು ಮಾಡಿ

"ಯುರೋಪಿನ ವಿಮಾ ಕಾನೂನು ಓದಬೇಕು, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಮೂರು ಕಡೆಯಿಂದ ಬರುತ್ತಲೇ ಇರುತ್ತದೆ. ಎಲ್‌ಎಲ್‌ಬಿ ಮುಗಿಸಿ ಜರ್ಮನಿಗೋ ನೆದರ್ಲೆಂಡ್ಸ್‌ಗೋ ಮುಂದಿನ ಓದಿಗೆ ಹೊರಟವರು ಕೇಳುತ್ತಾರೆ. ಆಕ್ಚುವರಿ ಪರೀಕ್ಷೆ ಬರೆಯುತ್ತಿರುವವರು ಕೇಳುತ್ತಾರೆ. ಆಕ್ಚುವರಿ ಅಂದರೆ ವಿಮೆಯ ಅಪಾಯವನ್ನು ಲೆಕ್ಕ ಹಾಕುವವರು. ಇನ್ನು ಬೆಂಗಳೂರಿನಲ್ಲಿ ಕೂತು ಯುರೋಪಿನ ವಿಮಾ ಕಂಪನಿಗಳ ವರದಿ, ಸಾಫ್ಟ್‌ವೇರ್ ನೋಡಿಕೊಳ್ಳುವವರಂತೂ ಜಾಸ್ತಿ.

ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ದಪ್ಪ ಪಠ್ಯಪುಸ್ತಕ ತೆಗೆದು ಮೂರನೇ ಅಧ್ಯಾಯಕ್ಕೆ ಸುಸ್ತಾಗುತ್ತಾರೆ. ಇಲ್ಲವೇ ಹತ್ತು ಸುದ್ದಿಪತ್ರಗಳಿಗೆ ಹೆಸರು ಕೊಟ್ಟು, ಒಂದನ್ನೂ ಓದದೆ ಬಿಡುತ್ತಾರೆ. ಎರಡೂ ಬೇಡ. ಒಂದು ಎಳೆ ಹಿಡಿಯಿರಿ. ಅದು ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು, ಯಾವ ದಿನ ಜಾರಿಗೆ ಬಂತು ಅಂತ ಕೊನೆಯವರೆಗೂ ಹಿಂಬಾಲಿಸಿ. ಒಂದು ಎಳೆ ಪೂರ್ತಿ ಹಿಂಬಾಲಿಸಿದವರಿಗೆ ಉಳಿದದ್ದು ತಾನಾಗಿ ಅರ್ಥವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬೇಕಾಗುವುದು ಇಷ್ಟೇ: ಇಂಟರ್ನೆಟ್, ಒಂದು ನೋಟ್‌ಬುಕ್, ವಾರಕ್ಕೆ ಎರಡು ಗಂಟೆ. ದುಡ್ಡು ಕೊಟ್ಟು ನೋಡುವ ಡೇಟಾಬೇಸ್ ಬೇಡ. ಐರೋಪ್ಯ ಒಕ್ಕೂಟದ ಕಾನೂನೆಲ್ಲ ಉಚಿತವಾಗಿ, 24 ಭಾಷೆಗಳಲ್ಲಿ ಸಿಗುತ್ತದೆ. ಬ್ರಿಟನ್ ಹೊರಗೆ ಹೋದ ಮೇಲೂ ಇಂಗ್ಲಿಷ್ ಅಧಿಕೃತ ಭಾಷೆಯಾಗಿಯೇ ಉಳಿದಿದೆ.

ಹಂತ 1: ಇದು ಯಾರ ಕಾನೂನು ಅಂತ ಮೊದಲು ಕೇಳಿ

"ಯುರೋಪಿನ ವಿಮಾ ಕಾನೂನು" ಅಂತ ಒಂದೇ ಪುಸ್ತಕ ಇಲ್ಲ. ವಿಮಾ ಕಂಪನಿ ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು, ಪಾಲಿಸಿಯನ್ನು ಹೇಗೆ ಮಾರಬೇಕು, ಕಂಪನಿ ಮುಳುಗಿದರೆ ಏನು ಮಾಡಬೇಕು ಎಂಬುದೆಲ್ಲ ಬಹುಮಟ್ಟಿಗೆ ಒಕ್ಕೂಟದ ಕಾನೂನು. ಆದರೆ ನಿಮಗೂ ಕಂಪನಿಗೂ ನಡುವಿನ ಕರಾರು ಇದೆಯಲ್ಲ, ಅದು ಇವತ್ತಿಗೂ ಆಯಾ ದೇಶದ್ದೇ. ಪಾಲಿಸಿ ಮಾಡಿಸುವಾಗ ಒಬ್ಬರು ತಮ್ಮ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟರು ಅನ್ನಿ. ಆಮೇಲೆ ಕ್ಲೇಮ್ ಸಿಗುತ್ತದೋ ಇಲ್ಲವೋ? ಜರ್ಮನಿಯಲ್ಲಿ ಇದಕ್ಕೆ ಉತ್ತರ 2008ರಲ್ಲಿ ಜಾರಿಗೆ ಬಂದ ವಿಮಾ ಕರಾರು ಕಾಯ್ದೆಯಲ್ಲಿದೆ. ಫ್ರಾನ್ಸಿನಲ್ಲಿ ಅವರದೇ ವಿಮಾ ಸಂಹಿತೆ ಇದೆ. ಯುರೋಪಿಗೆಲ್ಲ ಒಂದೇ ಕರಾರು ಕಾನೂನು ಇರಲಿ ಅಂತ ವಿದ್ವಾಂಸರು 2009ರಲ್ಲಿ ತತ್ವಗಳ ಸಂಗ್ರಹವೊಂದನ್ನು ಪ್ರಕಟಿಸಿದರು. ಒಳ್ಳೆಯ ಕೆಲಸ, ಓದಲೇಬೇಕಾದದ್ದು. ಆದರೆ ಅದು ಕಾನೂನಾಗಲಿಲ್ಲ.

ನಕ್ಷೆಯನ್ನೂ ಸರಿಯಾಗಿ ನೋಡಿಕೊಳ್ಳಿ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿಲ್ಲ. ಆದರೂ ಐರೋಪ್ಯ ಆರ್ಥಿಕ ವಲಯದಲ್ಲಿ ಇರುವುದರಿಂದ ಅಲ್ಲಿಗೂ ಒಕ್ಕೂಟದ ವಿಮಾ ನಿಯಮಗಳು ಬರುತ್ತವೆ. ಸ್ವಿಟ್ಜರ್ಲೆಂಡ್ ಎರಡರಲ್ಲೂ ಇಲ್ಲ, ಅದರ ಬಂಡವಾಳ ಪರೀಕ್ಷೆಯೇ ಬೇರೆ. ಬ್ರಿಟನ್ ಈಗ ತನ್ನದೇ ದಾರಿಯಲ್ಲಿದೆ.

ಹಂತ 2: ಎರಡು ಪದ, ಐದು ಸಂಸ್ಥೆ

ರೆಗ್ಯುಲೇಶನ್ ಅಂದರೆ ಎಲ್ಲ ಸದಸ್ಯ ದೇಶಗಳಲ್ಲೂ ನೇರವಾಗಿ ಅನ್ವಯವಾಗುವ ಕಾನೂನು. ಡೈರೆಕ್ಟಿವ್ ಹಾಗಲ್ಲ. ಅದು ಗುರಿ ಹೇಳುತ್ತದೆ, ಪ್ರತಿ ದೇಶವೂ ಅದಕ್ಕೆ ತಕ್ಕಂತೆ ತನ್ನ ಕಾಯ್ದೆ ಬದಲಿಸಿಕೊಳ್ಳಬೇಕು. ವಿಮೆಯ ದೊಡ್ಡ ಕಾನೂನುಗಳು ಹೆಚ್ಚಾಗಿ ಡೈರೆಕ್ಟಿವ್‌ಗಳೇ. ಹಾಗಾಗಿ ಡೈರೆಕ್ಟಿವ್ ಓದಿ ಮುಗಿಸಿದರೆ ಕೆಲಸ ಅರ್ಧ ಮಾತ್ರ ಆಗಿದೆ ಅಂತ ತಿಳಿಯಿರಿ.

ಕಾನೂನಿನ ಪ್ರಸ್ತಾಪ ಮಂಡಿಸುವುದು ಬ್ರಸೆಲ್ಸ್‌ನ ಐರೋಪ್ಯ ಆಯೋಗ. ಅದನ್ನು ತಿದ್ದಿ ಒಪ್ಪುವುದು ಸಂಸತ್ತು ಮತ್ತು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿ. ಅರ್ಥ ಹೇಳುವುದು ಲಕ್ಸೆಂಬರ್ಗ್‌ನ ನ್ಯಾಯಾಲಯ. ಐದನೆಯದು ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ಕೆಲಸ ಮಾಡುತ್ತಿರುವ ಐರೋಪ್ಯ ವಿಮಾ ಮತ್ತು ಪಿಂಚಣಿ ಪ್ರಾಧಿಕಾರ. ಎಲ್ಲರೂ ಅದನ್ನು ಐಯೋಪಾ ಅಂತಲೇ ಕರೆಯುತ್ತಾರೆ.

ಎಚ್ಚರ: ಐಯೋಪಾ ನಮ್ಮ ದೇಶದ ವಿಮಾ ನಿಯಂತ್ರಕ ಐಆರ್‌ಡಿಎಐ ತರಹದ್ದು ಅಂದುಕೊಳ್ಳಬೇಡಿ. ವಿಮಾ ಕಂಪನಿಗೆ ಲೈಸೆನ್ಸ್ ಕೊಡುವುದು, ದಿನನಿತ್ಯ ಕಣ್ಣಿಡುವುದು ಆಯಾ ದೇಶದ ನಿಯಂತ್ರಕರು. ಜರ್ಮನಿಯಲ್ಲಿ ಬಾಫಿನ್, ಇಟಲಿಯಲ್ಲಿ ಇವಾಸ್. ಅವರೆಲ್ಲ ಒಂದೇ ಅಳತೆಗೋಲು ಹಿಡಿಯುವಂತೆ ನೋಡಿಕೊಳ್ಳುವುದು, ನಿಯಮಗಳ ಕರಡು ಬರೆಯುವುದು ಐಯೋಪಾದ ಕೆಲಸ.

ಹಂತ 3: ಸಾಲ್ವೆನ್ಸಿ 2 ಎಂಬ ಮನೆಯ ಮೂರು ಮಹಡಿ ಹತ್ತಿ

ವಿಮಾ ಕಂಪನಿಯ ಹತ್ತಿರ ಕ್ಲೇಮ್ ಕೊಡುವಷ್ಟು ದುಡ್ಡು ಇದೆಯೋ ಇಲ್ಲವೋ ಅಂತ ಅಳೆಯುವ ಕಾನೂನೇ ಸಾಲ್ವೆನ್ಸಿ 2. ಮೊದಲ ಮಹಡಿ 2009ರ 138ನೇ ಡೈರೆಕ್ಟಿವ್. ಅದು ಅನ್ವಯವಾದದ್ದು 2016ರ ಜನವರಿ 1ರಿಂದ. ಎರಡನೇ ಮಹಡಿ 2015ರ 35ನೇ ಡೆಲಿಗೇಟೆಡ್ ರೆಗ್ಯುಲೇಶನ್, ಅಂದರೆ ಮೂಲ ಕಾನೂನು ಕೊಟ್ಟ ಅಧಿಕಾರದಿಂದ ಆಯೋಗ ಬರೆದ ವಿವರದ ನಿಯಮ. ಲೆಕ್ಕದ ಸೂತ್ರಗಳೆಲ್ಲ ಇರುವುದು ಇಲ್ಲೇ. ಮೂರನೇ ಮಹಡಿ ಐಯೋಪಾದ ಮಾರ್ಗಸೂಚಿಗಳು. ಇವನ್ನು ಪಾಲಿಸದ ನಿಯಂತ್ರಕರು ಯಾಕೆ ಪಾಲಿಸುತ್ತಿಲ್ಲ ಅಂತ ಕಾರಣ ಕೊಡಬೇಕು.

ಇಡೀ ಕಾನೂನಿನ ನಡುಗಂಬ ಒಂದೇ ವಾಕ್ಯ. ಮುಂದಿನ ಒಂದು ವರ್ಷದಲ್ಲಿ ಬರಬಹುದಾದ ನಷ್ಟವನ್ನು ಶೇಕಡಾ 99.5ರ ಭರವಸೆಯಲ್ಲಿ ತಡೆದುಕೊಳ್ಳುವಷ್ಟು ಬಂಡವಾಳ ಇರಬೇಕು. ಸರಳವಾಗಿ ಹೇಳಿದರೆ, 200 ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ವರ್ಷ ಬಂದರೂ ಕಂಪನಿ ನಿಂತಿರಬೇಕು. ಇದೊಂದು ಮನಸ್ಸಿಗೆ ಇಳಿದರೆ ಉಳಿದ ನೂರಾರು ಕಲಮುಗಳು ಯಾಕಿವೆ ಅಂತ ಗೊತ್ತಾಗುತ್ತದೆ.

ಹಂತ 4: ಕಾನೂನಿನ ನಂಬರ್ ಓದಲು ಕಲಿಯಿರಿ

ಯೂರ್-ಲೆಕ್ಸ್ ಅಂತ ಒಕ್ಕೂಟದ ಅಧಿಕೃತ ಕಾನೂನು ಭಂಡಾರ ಇದೆ. ಅಲ್ಲಿ ಪ್ರತಿ ದಾಖಲೆಗೂ ಸೆಲೆಕ್ಸ್ ಎಂಬ ನಂಬರ್ ಇರುತ್ತದೆ. ಸಾಲ್ವೆನ್ಸಿ 2ರ ನಂಬರ್ 32009ಎಲ್0138. ಹುಡುಕುವಾಗ "ಎಲ್" ಜಾಗದಲ್ಲಿ ಇಂಗ್ಲಿಷ್ ಅಕ್ಷರ ಹಾಕಬೇಕು.

ಬಿಡಿಸಿ ನೋಡೋಣ. ಮೊದಲ ಅಂಕಿ 3 ಅಂದರೆ ಇದು ಜಾರಿಯಾದ ಶಾಸನ. 2009 ವರ್ಷ. ಎಲ್ ಅಂದರೆ ಡೈರೆಕ್ಟಿವ್. ಅಲ್ಲಿ ಆರ್ ಇದ್ದಿದ್ದರೆ ರೆಗ್ಯುಲೇಶನ್. ಕೊನೆಗೆ 138 ಕ್ರಮಸಂಖ್ಯೆ. ನಂಬರ್ 5ರಿಂದ ಶುರುವಾದರೆ ಅದು ಪ್ರಸ್ತಾಪದ ಹಂತದ ಕಾಗದ. 6ರಿಂದ ಶುರುವಾದರೆ ನ್ಯಾಯಾಲಯದ್ದು. 0ಯಿಂದ ಶುರುವಾದರೆ ತಿದ್ದುಪಡಿಗಳನ್ನೆಲ್ಲ ಸೇರಿಸಿ ಕೊಟ್ಟ ಕ್ರೋಡೀಕೃತ ಪ್ರತಿ. ಮೊದಲ ಅಂಕಿ ನೋಡಿದ ಕೂಡಲೇ ಕೈಯಲ್ಲಿರುವುದು ಏನು ಅಂತ ಹೇಳುವಷ್ಟು ಅಭ್ಯಾಸ ಮಾಡಿಕೊಳ್ಳಿ.

ಓದಲು ಯಾವಾಗಲೂ ಕ್ರೋಡೀಕೃತ ಪ್ರತಿಯೇ ಸುಲಭ. ಆದರೆ ಉಲ್ಲೇಖಿಸುವಾಗ ಮೂಲ ಕಾನೂನು ಮತ್ತು ಅದರ ತಿದ್ದುಪಡಿಯನ್ನೇ ಉಲ್ಲೇಖಿಸಬೇಕು. ಕ್ರೋಡೀಕೃತ ಪ್ರತಿ ಓದುಗರ ಅನುಕೂಲಕ್ಕೆ ಮಾತ್ರ, ಅದಕ್ಕೆ ಕಾನೂನಿನ ಬಲ ಇಲ್ಲ.

ಹಂತ 5: ಪ್ರತಿ ಕಾನೂನಿಗೂ ನಾಲ್ಕು ತಾರೀಕು ಬರೆದಿಡಿ

ಅತಿ ಹೆಚ್ಚು ಜನ ಎಡವುವ ಜಾಗ ಇದು. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ಪ್ರಕಟವಾದ ದಿನ, ಜಾರಿಗೆ ಬಂದ ದಿನ, ದೇಶಗಳು ತಮ್ಮ ಕಾಯ್ದೆ ಬದಲಿಸಲು ಇರುವ ಗಡುವು, ನಿಜವಾಗಿ ಅನ್ವಯವಾಗುವ ದಿನ.

ಸಾಲ್ವೆನ್ಸಿ 2ಕ್ಕೆ ಬಂದಿರುವ ದೊಡ್ಡ ತಿದ್ದುಪಡಿಯನ್ನೇ ತೆಗೆದುಕೊಳ್ಳಿ. ಅದು 2025ರ 2ನೇ ಡೈರೆಕ್ಟಿವ್. ಪ್ರಕಟವಾದದ್ದು 2025ರ ಜನವರಿ 8. ಜಾರಿಗೆ ಬಂದದ್ದು ಅದೇ ತಿಂಗಳ 28. ದೇಶಗಳಿಗೆ ಕೊಟ್ಟ ಗಡುವು 2027ರ ಜನವರಿ 29. ಅನ್ವಯವಾಗುವುದು ಮರುದಿನ, ಜನವರಿ 30ರಿಂದ. "ಜಾರಿಗೆ ಬಂತು" ಅಂತ ಸುದ್ದಿ ಓದಿ ಅವತ್ತಿನಿಂದಲೇ ನಿಯಮ ಬದಲಾಯಿತು ಅಂದುಕೊಂಡರೆ ಎರಡು ವರ್ಷ ತಪ್ಪುತ್ತೀರಿ.

ಇದೇ ತಿದ್ದುಪಡಿಯಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ರಿಸ್ಕ್ ಮಾರ್ಜಿನ್ ಅಂತ ಒಂದು ಮೊತ್ತ ಇದೆ. ಒಂದು ಕಂಪನಿಯ ಹೊಣೆಗಳನ್ನು ಇನ್ನೊಂದು ಕಂಪನಿ ವಹಿಸಿಕೊಳ್ಳಬೇಕಾದರೆ ಮೇಲೆ ಕೇಳುವ ದುಡ್ಡು ಅದು. ಅದರ ಲೆಕ್ಕಕ್ಕೆ ಬಳಸುವ ದರ ಶೇಕಡಾ 6 ಇತ್ತು. ಅದನ್ನು 5ಕ್ಕೆ ಇಳಿಸುವ ಮಾತನ್ನು ಆಯೋಗ 2021ರಲ್ಲಿ ಆಡಿತು. ನಾನು 5 ಅಂತಲೇ ಟಿಪ್ಪಣಿ ಬರೆದಿಟ್ಟು, ಕೊನೆಯ ಪಠ್ಯದ ಜೊತೆ ತಾಳೆ ನೋಡದೆ ಬಳಸಿಬಿಟ್ಟೆ. ಸಂಸತ್ತು ಮತ್ತು ಮಂಡಳಿ ಕೊನೆಗೆ ಒಪ್ಪಿದ್ದು 4.75. ಕಾಲು ಪರ್ಸೆಂಟ್ ಅಷ್ಟೇ ಅಲ್ವಾ ಅನಿಸಬಹುದು. ಮೂವತ್ತು ನಲವತ್ತು ವರ್ಷ ಪಿಂಚಣಿ ಕೊಡುವ ಜೀವವಿಮೆಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಅವತ್ತಿನಿಂದ ಪ್ರಸ್ತಾಪದ ಅಂಕಿಗಳನ್ನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ.

ಹಂತ 6: ಒಂದು ತೀರ್ಪನ್ನು ಬೇರು ಸಮೇತ ಓದಿ

ನನ್ನ ಪ್ರಕಾರ ಇದೇ ಮುಖ್ಯ ಹಂತ. ಮೊದಲಿಗೆ ವ್ನುಕ್ ಪ್ರಕರಣ ಹಿಡಿಯಿರಿ. ಪ್ರಕರಣದ ಸಂಖ್ಯೆ ಸಿ-162/13. ಹಳ್ಳಿಯಲ್ಲಿ ಬೆಳೆದವರಿಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ.

2007ರ ಆಗಸ್ಟ್ ತಿಂಗಳು, ಸ್ಲೊವೇನಿಯ. ಹುಲ್ಲಿನ ಕಟ್ಟುಗಳನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸುತ್ತಿದ್ದಾರೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಅಂಗಳದಲ್ಲಿ ಹಿಂದಕ್ಕೆ ಬರುತ್ತದೆ. ಏಣಿಗೆ ಬಡಿಯುತ್ತದೆ. ಏಣಿಯ ಮೇಲಿದ್ದವರು ಬೀಳುತ್ತಾರೆ. ಅವರು ಟ್ರ್ಯಾಕ್ಟರಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಅಲ್ಲಿನ ಕೋರ್ಟುಗಳು ಕೊಡಲಿಲ್ಲ. ಕಡ್ಡಾಯ ವಿಮೆ ಇರುವುದು ರಸ್ತೆಯ ವಾಹನಕ್ಕೆ, ಇಲ್ಲಿ ಟ್ರ್ಯಾಕ್ಟರ್ ಕೆಲಸದ ಯಂತ್ರವಾಗಿತ್ತು ಎಂಬುದು ಅವರ ವಾದ. ಸ್ಲೊವೇನಿಯದ ಸುಪ್ರೀಂ ಕೋರ್ಟ್ ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸಿತು: ವಾಹನದ "ಬಳಕೆ" ಅಂದರೆ ಏನು?

2014ರ ಸೆಪ್ಟೆಂಬರ್ 4ರಂದು ಉತ್ತರ ಬಂತು. ವಾಹನದ ಸಹಜ ಕೆಲಸಕ್ಕೆ ಹೊಂದುವ ಯಾವ ಬಳಕೆಯೂ ಇದರಲ್ಲಿ ಸೇರುತ್ತದೆ. ಅಂಗಳದಲ್ಲಿ ಹಿಂದಕ್ಕೆ ಬಂದದ್ದೂ ಸೇರಬಹುದು.

ಓದುವ ಕ್ರಮ ಹೀಗಿರಲಿ. ಮೊದಲು ತೀರ್ಪಿನ ಕಟ್ಟಕಡೆಯ ಪ್ಯಾರಾ. ಆಮೇಲೆ ಕೆಳಗಿನ ಕೋರ್ಟ್ ಕೇಳಿದ ಪ್ರಶ್ನೆ. ಆಮೇಲೆ ನಡೆದ ಸಂಗತಿ. ಕೊನೆಗೆ ತರ್ಕ. ಶುರುವಿನಿಂದ ಓದಿದರೆ ಕಾನೂನಿನ ಉಲ್ಲೇಖಗಳಲ್ಲೇ ದಾರಿ ತಪ್ಪುತ್ತದೆ.

ಎಚ್ಚರ: ಅಡ್ವೊಕೇಟ್ ಜನರಲ್ ಅಭಿಪ್ರಾಯವನ್ನು ತೀರ್ಪು ಅಂದುಕೊಳ್ಳಬೇಡಿ. ಅದು ಲಕ್ಸೆಂಬರ್ಗ್ ನ್ಯಾಯಾಲಯದಲ್ಲೇ ಇರುವ ಈ ಅಧಿಕಾರಿ ನ್ಯಾಯಾಲಯಕ್ಕೆ ಕೊಡುವ ಸಲಹೆ, ತೀರ್ಪಿಗಿಂತ ತಿಂಗಳುಗಳ ಮೊದಲೇ ಬರುತ್ತದೆ. ಪತ್ರಿಕೆಗಳು ಅದಕ್ಕೇ ದೊಡ್ಡ ತಲೆಬರಹ ಕೊಡುವುದುಂಟು. ನ್ಯಾಯಾಲಯ ಅದನ್ನು ಒಪ್ಪಲೇಬೇಕೆಂದಿಲ್ಲ.

ಈಗ ಪಕ್ಕದಲ್ಲಿ ಇನ್ನೊಂದು ತೀರ್ಪು ಇಡಿ: ಸಿ-514/16, 2017ರ ನವೆಂಬರ್ 28. ಪೋರ್ಚುಗಲ್‌ನ ದ್ರಾಕ್ಷಿ ತೋಟ. ಟ್ರ್ಯಾಕ್ಟರ್ ನಿಂತಲ್ಲೇ ನಿಂತಿದೆ, ಎಂಜಿನ್ ಮಾತ್ರ ಚಾಲೂ ಇದೆ. ಕಳೆನಾಶಕ ಸಿಂಪಡಿಸುವ ಪಂಪನ್ನು ಅದು ಓಡಿಸುತ್ತಿದೆ. ನಮ್ಮ ತೋಟಗಳಲ್ಲಿ ಟ್ರ್ಯಾಕ್ಟರಿಗೆ ಪಂಪ್ ಕಟ್ಟಿ ಔಷಧಿ ಹೊಡೆಯುತ್ತಾರಲ್ಲ, ಥೇಟ್ ಹಾಗೆ. ಮಳೆ, ಟ್ರ್ಯಾಕ್ಟರಿನ ಭಾರ ಮತ್ತು ನಡುಕಕ್ಕೆ ಮಣ್ಣು ಕುಸಿಯಿತು. ಟ್ರ್ಯಾಕ್ಟರ್ ಉರುಳಿ ಕೆಳಗೆ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ನ್ಯಾಯಾಲಯ ಈ ಸಲ ಬೇರೆ ಮಾತು ಹೇಳಿತು: ಆ ಹೊತ್ತಿಗೆ ಟ್ರ್ಯಾಕ್ಟರಿನ ಮುಖ್ಯ ಕೆಲಸ ಸಾಗಣೆಯಾಗಿರಲಿಲ್ಲ, ಪಂಪಿಗೆ ಶಕ್ತಿ ಕೊಡುವುದಾಗಿತ್ತು. ಹಾಗಾಗಿ ಅದು ವಾಹನದ "ಬಳಕೆ" ಅಲ್ಲ.

ಅದೇ ಟ್ರ್ಯಾಕ್ಟರ್, ಎರಡು ಉತ್ತರ. ವ್ಯತ್ಯಾಸ ಎಲ್ಲಿದೆ ಅಂತ ನಿಮ್ಮ ಮಾತಲ್ಲಿ ಅರ್ಧ ಪುಟ ಬರೆಯಿರಿ. ಕಣ್ಣಲ್ಲಿ ಓದಿ ಬಿಟ್ಟರೆ ಉಳಿಯುವುದಿಲ್ಲ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ತೀರ್ಪುಗಳ ಸಾರವನ್ನು ಕಾನೂನಿಗೇ ಸೇರಿಸಲು 2021ರ 2118ನೇ ಡೈರೆಕ್ಟಿವ್ ಬಂತು. ಅಪಘಾತದ ಹೊತ್ತಿಗೆ ವಾಹನ ಸಾಗಣೆಯ ಸಾಧನವಾಗಿ ಬಳಕೆಯಾಗುತ್ತಿತ್ತೇ ಎಂಬುದೇ ಅದರ ಅಳತೆಗೋಲು. ಜಾಗ ಯಾವುದು, ನಿಂತಿತ್ತೋ ಚಲಿಸುತ್ತಿತ್ತೋ ಎಂಬುದು ಮುಖ್ಯವಲ್ಲ. ಇದು 2023ರ ಡಿಸೆಂಬರ್ 23ರಿಂದ ಅನ್ವಯ. ಅಷ್ಟರಲ್ಲಿ ಹೊರಗೆ ಹೋಗಿದ್ದ ಬ್ರಿಟನ್ 2022ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ವ್ನುಕ್ ತೀರ್ಪಿನ ಪರಿಣಾಮವನ್ನೇ ತೆಗೆದುಹಾಕಿತು. ಒಂದು ಹುಲ್ಲಿನ ಅಟ್ಟದಿಂದ ಶುರುವಾದದ್ದು ಎಲ್ಲೆಲ್ಲಿಗೆ ಹೋಯಿತು ನೋಡಿ. ಎಳೆ ಹಿಡಿಯುವುದು ಅಂದೆನಲ್ಲ, ಅದು ಇದೇ.

ಹಂತ 7: ಈಗ ನಿಮ್ಮ ಎಳೆ ಆರಿಸಿಕೊಳ್ಳಿ

ಐಟಿಯವರಿಗೆ ನನ್ನ ಸಲಹೆ ಡೋರಾ. ಇದು 2022ರ 2554ನೇ ರೆಗ್ಯುಲೇಶನ್, 2025ರ ಜನವರಿ 17ರಿಂದ ಅನ್ವಯ. ಬ್ಯಾಂಕು, ವಿಮಾ ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆ ಕುಸಿದು ಬೀಳದಂತೆ ನೋಡಿಕೊಳ್ಳುವ ಕಾನೂನು. ಇದರ 30ನೇ ಕಲಮನ್ನು ತಪ್ಪದೆ ಓದಿ. ಹೊರಗಿನ ಐಟಿ ಕಂಪನಿಯ ಜೊತೆಗಿನ ಕರಾರಿನಲ್ಲಿ ಏನೇನು ಇರಲೇಬೇಕು ಅಂತ ಅಲ್ಲಿದೆ: ಡೇಟಾ ಎಲ್ಲಿ ಇಡುತ್ತೀರಿ, ತಪಾಸಣೆಗೆ ಬಿಡುತ್ತೀರಾ, ಕರಾರು ಮುಗಿದರೆ ಹೇಗೆ ಹೊರಬರುವುದು. ಬೆಂಗಳೂರಿನ ಎಷ್ಟೋ ತಂಡಗಳಿಗೆ ಯುರೋಪಿನ ಗ್ರಾಹಕರಿಂದ ಹೊಸ ಕರಾರಿನ ಷರತ್ತುಗಳು ಬಂದದ್ದು ಇದರಿಂದಲೇ. ತೀರಾ ಮುಖ್ಯ ಎನಿಸಿದ 19 ಪೂರೈಕೆದಾರರನ್ನು ಐರೋಪ್ಯ ಪ್ರಾಧಿಕಾರಗಳು 2025ರ ನವೆಂಬರ್‌ನಲ್ಲಿ ಹೆಸರಿಸಿದವು. ಅದರಲ್ಲಿ ನಮ್ಮ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕೂಡ ಇದೆ.

ಸಮಾನತೆಯ ವಿಷಯ ಇಷ್ಟಪಡುವವರು ಸಿ-236/09 ತೀರ್ಪಿನಿಂದ ಶುರು ಮಾಡಿ. ಬೆಲ್ಜಿಯಂನ ಗ್ರಾಹಕರ ಸಂಘಟನೆಯೊಂದು ತಂದ ಪ್ರಕರಣ, 2011ರ ಮಾರ್ಚ್ 1ರ ತೀರ್ಪು. ಗಂಡು ಹೆಣ್ಣು ಅಂತ ನೋಡಿ ಬೇರೆ ಬೇರೆ ಪ್ರೀಮಿಯಂ ಹಾಕುವುದಕ್ಕೆ 2012ರ ಡಿಸೆಂಬರ್ 21ರಿಂದ ಹೊಸ ಕರಾರುಗಳಲ್ಲಿ ಅವಕಾಶ ಹೋಯಿತು. ಅಲ್ಲಿಂದ ನೇರವಾಗಿ ಕೃತಕ ಬುದ್ಧಿಮತ್ತೆಯ ಕಾನೂನಿಗೆ ಬನ್ನಿ. 2024ರ 1689ನೇ ಈ ರೆಗ್ಯುಲೇಶನ್, ಜೀವವಿಮೆ ಮತ್ತು ಆರೋಗ್ಯ ವಿಮೆಯಲ್ಲಿ ವ್ಯಕ್ತಿಗಳ ಅಪಾಯ ಅಳೆದು ಬೆಲೆ ಕಟ್ಟುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ಗುಂಪಿಗೆ ಹಾಕಿದೆ. ಕಾರಿನ ವಿಮೆ ಆ ಪಟ್ಟಿಯಲ್ಲಿಲ್ಲ. ಮೂಲ ಪಠ್ಯದ ಪ್ರಕಾರ ಆ ಗುಂಪಿನ ನಿಯಮಗಳು 2026ರ ಆಗಸ್ಟ್ 2ರಿಂದ. ಅದನ್ನು ಮುಂದೂಡುವ ಪ್ರಸ್ತಾಪವನ್ನು ಆಯೋಗ 2025ರ ನವೆಂಬರ್‌ನಲ್ಲಿ ಮಂಡಿಸಿತು. ಆಮೇಲೆ ಏನಾಯಿತು ಅಂತ ಹಂತ 4 ಮತ್ತು 5 ಬಳಸಿ ನೀವೇ ಪತ್ತೆ ಮಾಡಿ. ಒಳ್ಳೆಯ ಅಭ್ಯಾಸ ಆಗುತ್ತದೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ: ಕ್ಯಾನ್ಸರ್ ಗೆದ್ದವರ "ಮರೆಯುವ ಹಕ್ಕು". ಚಿಕಿತ್ಸೆ ಮುಗಿದು ವರ್ಷಗಳಾದರೂ ಸಾಲದ ವಿಮೆಗೆ ಹೋದಾಗ ಹಳೇ ಕಾಯಿಲೆಯ ಹೆಸರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಫ್ರಾನ್ಸ್ 2022ರ ಕಾಯ್ದೆಯಲ್ಲಿ, ಚಿಕಿತ್ಸೆ ಮುಗಿದು 5 ವರ್ಷವಾದ ಮೇಲೆ ಅದನ್ನು ಹೇಳಬೇಕಿಲ್ಲ ಅಂತ ಮಾಡಿತು. ಒಕ್ಕೂಟದ 2023ರ ಗ್ರಾಹಕ ಸಾಲ ಡೈರೆಕ್ಟಿವ್ ಇದಕ್ಕೆ ಗರಿಷ್ಠ 15 ವರ್ಷದ ಮಿತಿ ಹಾಕಿದೆ, 2026ರ ನವೆಂಬರ್ 20ರಿಂದ ಅನ್ವಯ. 5ಕ್ಕೂ 15ಕ್ಕೂ ನಡುವೆ ಎಷ್ಟು ಜನರ ಮನೆ, ಸಂಸಾರ ಇದೆ! ಗಮನಿಸಿ, ಇದು ವಿಮೆಯ ಕಾನೂನಿನಲ್ಲಿಲ್ಲ, ಸಾಲದ ಕಾನೂನಿನಲ್ಲಿದೆ. "ವಿಮೆ" ಅಂತ ಮಾತ್ರ ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಂತ 8: ಜನರ ಕೈಗೆ ಬರುವ ಕಾಗದವನ್ನೂ ನೋಡಿ

ಕಾನೂನು ಮಾತ್ರ ಓದಿದರೆ ಅದು ನೆಲಕ್ಕೆ ಇಳಿದದ್ದು ಕಾಣಿಸುವುದಿಲ್ಲ. ಯುರೋಪಿನ ಯಾವುದಾದರೂ ಕಂಪನಿಯ ಮನೆ ವಿಮೆಯ ಮಾಹಿತಿ ಹಾಳೆ ತೆರೆಯಿರಿ. 2018ರ ಅಕ್ಟೋಬರ್ 1ರಿಂದ ಅನ್ವಯವಾದ ವಿಮಾ ಮಾರಾಟದ ಡೈರೆಕ್ಟಿವ್‌ನಿಂದಾಗಿ ಇದು ಕಡ್ಡಾಯ. ಎ4 ಕಾಗದದ ಎರಡು ಬದಿ ಮೀರಬಾರದು, ತೀರಾ ಅಗತ್ಯವಿದ್ದರೆ ಮೂರು. ಯಾವುದಕ್ಕೆ ವಿಮೆ ಇದೆಯೋ ಅದರ ಮುಂದೆ ಹಸಿರು ಟಿಕ್ ಗುರುತು, ಇಲ್ಲದ್ದರ ಮುಂದೆ ಕೆಂಪು ಇಂಟು (×) ಗುರುತು. ಅಕ್ಷರದ ಗಾತ್ರವನ್ನೂ ನಿಯಮವೇ ಹೇಳುತ್ತದೆ. ಎರಡು ದೇಶದ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಭಾಷೆ ಬರದಿದ್ದರೂ ಅರ್ಧ ತಿಳಿಯುತ್ತದೆ.

ಅದಾದ ಮೇಲೆ ಒಂದು ಕಂಪನಿಯ ವಾರ್ಷಿಕ ಸಾಲ್ವೆನ್ಸಿ ಮತ್ತು ಆರ್ಥಿಕ ಸ್ಥಿತಿಯ ವರದಿ. ಪ್ರತಿ ಕಂಪನಿಯೂ ಇದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಎ ಯಿಂದ ಇ ವರೆಗೆ ಐದು ಭಾಗ ಇರುತ್ತದೆ. ಮೊದಲ ಓದಿಗೆ ಇ ಭಾಗ ಸಾಕು. ಇರಬೇಕಾದ ಬಂಡವಾಳ ಎಷ್ಟು, ಇರುವುದು ಎಷ್ಟು ಅಂತ ಅಲ್ಲಿದೆ.

ಹಂತ 9: ವಾರದ ಎರಡು ಗಂಟೆ

ಮೊದಲ ಅರ್ಧ ಗಂಟೆ ಐಯೋಪಾದ ತಾಣ. ಸುದ್ದಿಗಿಂತ ಅಲ್ಲಿರುವ ಸಮಾಲೋಚನೆಗಳ ಪಟ್ಟಿ ನೋಡಿ. ನಾಳೆ ಬರುವ ನಿಯಮದ ಕರಡು ಇವತ್ತು ಅಲ್ಲಿರುತ್ತದೆ. ಇನ್ನರ್ಧ ಗಂಟೆ ಸಂಸತ್ತಿನ ಶಾಸನ ವೀಕ್ಷಣಾ ತಾಣ. ನಿಮ್ಮ ಎಳೆಗೆ ಸೇರಿದ ಪ್ರಸ್ತಾಪ ಯಾವ ಹಂತದಲ್ಲಿದೆ ಅಂತ ದಿನಾಂಕದ ಸಮೇತ ತೋರಿಸುತ್ತದೆ. ಉಳಿದ ಒಂದು ಗಂಟೆ ಮೂಲ ಪಠ್ಯಕ್ಕೆ. ಹತ್ತೇ ಕಲಮು ಓದಿದರೂ ಪರವಾಗಿಲ್ಲ, ವಕೀಲರ ಸಂಸ್ಥೆಗಳ ಸಾರಾಂಶಕ್ಕೆ ಮೊದಲೇ ಕೈ ಹಾಕಬೇಡಿ. ನೀವೇ ಓದಿ ಟಿಪ್ಪಣಿ ಮಾಡಿದ ಮೇಲೆ ಅದನ್ನು ತೆರೆದು, ನಿಮಗೆ ತಪ್ಪಿದ್ದು ಏನು ಅಂತ ಬೇರೆ ಬಣ್ಣದ ಪೆನ್ನಿನಲ್ಲಿ ಪಕ್ಕದಲ್ಲೇ ಬರೆದುಕೊಳ್ಳಿ.

ದೇಶದ ಕಾನೂನಿಗೆ ಹೋಗುವ ಹೊತ್ತಿಗೆ ಭಾಷೆಯ ತೊಡಕು ಬರುತ್ತದೆ. ಜರ್ಮನಿಯ ವಿಮಾ ಕರಾರು ಕಾಯ್ದೆಯ ಇಂಗ್ಲಿಷ್ ಅನುವಾದ ಅಲ್ಲಿನ ನ್ಯಾಯ ಸಚಿವಾಲಯದ ತಾಣದಲ್ಲಿ ಸಿಗುತ್ತದೆ. ತೆರೆದ ಕೂಡಲೇ ಅನುವಾದ ಯಾವ ತಿದ್ದುಪಡಿಯವರೆಗಿನದ್ದು ಅಂತ ಮೇಲ್ಗಡೆ ನೋಡಿ. ಮೂಲ ಅದಕ್ಕಿಂತ ಮುಂದೆ ಹೋಗಿದ್ದರೆ, ಆ ಕಲಮನ್ನು ಮಾತ್ರ ಜರ್ಮನ್ ಪಠ್ಯದಲ್ಲಿ ತೆಗೆದು ಭಾಷೆ ಬಲ್ಲವರೊಬ್ಬರ ಜೊತೆ ಕೂತು ಓದಿ.